ನೂಲು ಕಚೇರಿಯಲ್ಲಿ ಕಳುವಾದ ಪ್ರೋಗ್ರಾಮ್

ಸೋಮವಾರ ಮುಂಜಾನೆ ಇಳಕಲ್ಲಿನ ನೂಲು ವಿತರಣಾ ಕಚೇರಿಯ ಕಂಪ್ಯೂಟರ್ ಕೋಣೆಗೆ ಕಾಲಿಟ್ಟವರಿಗೆ ಮೊದಲು ಕಂಡದ್ದು ಹಾರುಹೊಡೆದ ಕಪಾಟು. ಮೇಲಿನ ಅರೆಯಲ್ಲಿದ್ದ ಫ್ಲಾಪಿಗಳ ಡಬ್ಬಿ ಇರಲಿಲ್ಲ.

ಕಂಪ್ಯೂಟರ್ ಇತ್ತು. ಫ್ಯಾನಿತ್ತು. ಗಡಿಯಾರವೂ ಇತ್ತು. ಹೋದದ್ದು ಡಬ್ಬಿಯೊಂದೇ. ಆದರೆ ಸರ್ಕಾರ ಲಕ್ಷಗಟ್ಟಲೆ ಸುರಿದು ಕೊಂಡ ಪ್ರೋಗ್ರಾಮ್ ಇದ್ದದ್ದೇ ಆ ಡಬ್ಬಿಯಲ್ಲಿ. ಯಾವ ನೇಕಾರನಿಗೆ ಎಷ್ಟು ನೂಲು ಎಂದು ಪಟ್ಟಿ ತೆಗೆಯುವುದು ಆ ಪ್ರೋಗ್ರಾಮಂತೆ. ಅದಿಲ್ಲದೆ ಪಟ್ಟಿಯಿಲ್ಲ, ಪಟ್ಟಿಯಿಲ್ಲದೆ ನೂಲಿಲ್ಲ. ಹತ್ತು ಗಂಟೆಗೆಲ್ಲ ಕಚೇರಿಯ ಪಡಸಾಲೆ ನೇಕಾರರಿಂದ ತುಂಬಿತ್ತು.

ಪೊಲೀಸ್ ಫೌಜದಾರ ಕಾಳಪ್ಪ ಹಾದಿಮನಿ ಜೀಪಿನಿಂದಿಳಿದಾಗಲೇ ಮುಖ ಗಂಟಿಕ್ಕಿತ್ತು. ಅವನಿಗೆ ಸರ್ಕಾರಿ ಕಚೇರಿಯ ವಾಸನೆಯೇ ಆಗಿಬರುತ್ತಿರಲಿಲ್ಲ. ತಾನೂ ಅಂಥದೇ ಒಂದು ಕಚೇರಿಯ ಸಂಬಳ ತಿನ್ನುವವನು ಎಂಬುದು ನೆನಪಾದಾಗ ಆ ಅಸಹ್ಯ ಇನ್ನೂ ಹುಳಿಯಾಗುತ್ತಿತ್ತು.

ಕಚೇರಿಯ ಮುಖ್ಯಸ್ಥ ಶೇಷಗಿರಿ ಮಮದಾಪುರ ಬಾಗಿಲಲ್ಲೇ ಕಾದಿದ್ದರು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ – ನಾಲ್ಕೂ ನೂಲು ಕಚೇರಿಗಳು ಅವರ ಕೈಕೆಳಗೆ. ಸಫಾರಿ ಸೂಟು, ಜೇಬಿನಲ್ಲಿ ಎರಡು ಪೆನ್ನು, ಮುಖದಲ್ಲಿ ಹದವಾದ ದುಃಖ.

"ಕೀಲಿ ಮುರದಿಲ್ಲಲ್ರಿ?" ಹಾದಿಮನಿ ಕೇಳಿದ.

"ಇಲ್ರಿ. ಅದಕ್ಕ ನನಗ ಕೆಟ್ಟ ಅನಸ್ತದ. ಕೀಲಿಕೈ ಇರೂದು ಎರಡು. ಒಂದು ನನ್ನ ಹತ್ರ, ಇನ್ನೊಂದು ಆ ಹುಡುಗಿ ನಜಮಾನ ಹತ್ರ. ನಾ ಶನಿವಾರ ಮಧ್ಯಾಹ್ನನ ಬಾಗಲಕೋಟಿಗೆ ಹೋದೆ."

"ಯಾರು ನಜಮಾ?"

"ಕಂಪ್ಯೂಟರ್ ನಡಸಾಕೀರಿ. ಟೆಂಪರರಿ."

ಟೆಂಪರರಿ ಎಂಬ ಮಾತನ್ನು ಅವರು ಕಳ್ಳಿ ಎಂಬ ಧಾಟಿಯಲ್ಲಿ ಹೇಳಿದರು. ಹಾದಿಮನಿ ಅವರನ್ನು ದಾಟಿ ಕಂಪ್ಯೂಟರ್ ಕೋಣೆಗೆ ನಡೆದ.

"ಮಷಿನ್ ನಡೀತಿತ್ತೇನ್ರಿ?"

"ದಿನಾ ನಡೀತಿತ್ತು. ಶನಿವಾರ ಮುಂಜಾನಿ ಸೈತ ಪಟ್ಟಿ ತಗದೇವಿ. ಬುಧವಾರ ಬೆಂಗಳೂರಿಂದ ತಪಾಸಣೆಯವ್ರು ಬರ್ತಾರ. ಅವರ ಮುಂದ ಚಾಲೂ ಮಾಡಿ ತೋರಸಬೇಕಿತ್ತು. ಹಿಂಗಾತು ನೋಡ್ರಿ."

"ಹೆಂಗ ಚಾಲೂ ಆಗ್ತದಿದು?"

ಮಮದಾಪುರ ಹುರುಪಿನಿಂದ ಮೇಜಿನ ಹತ್ತಿರ ಹೋಗಿ ಹೊದಿಕೆ ಸರಿಸಿದರು. "ಇಲ್ಲಿ ಒಂದು ಬಾಯಿ ಅದ ನೋಡ್ರಿ. ಈ ಹಿಡಿಕಿ ಎತ್ತಬೇಕು, ಫ್ಲಾಪಿ ತೂರಸಬೇಕು, ಹಿಡಿಕಿ ಇಳಸಬೇಕು. ಫ್ಲಾಪಿ ಇಲ್ಲಂದ್ರ ಇದು ಬರೇ ಡಬ್ಬಿ."

ಹಾದಿಮನಿ ಬಗ್ಗಿ ನೋಡಿದ. ಮೂತಿಗೆ ಒಣಗಿದ ಗಂಧ, ಕುಂಕುಮ. ಸುತ್ತ ಬಿಗಿದ ಅರಿಶಿನದ ದಾರ. ಇಳಕಲ್ಲಿನಲ್ಲಿ ದಸರೆಯ ಖಂಡೇ ಪೂಜೆಯ ದಿನ ಮಗ್ಗಕ್ಕೆ, ಸೈಕಲ್ಲಿಗೆ, ಹೊಲಿಗೆ ಯಂತ್ರಕ್ಕೆ, ತಕ್ಕಡಿಗೆ, ಹೀಗೆ ದುಡಿಯುವ ಎಲ್ಲದಕ್ಕೂ ದಾರ ಕಟ್ಟುತ್ತಾರೆ. ಅವನು ಹೊದಿಕೆ ಮುಚ್ಚಿದ.

ಹೊರಗೆ ಕಚೇರಿಯ ಸಿಪಾಯಿ ಹುಲ್ಲಪ್ಪ ಕೈಕಟ್ಟಿ ನಿಂತಿದ್ದ.

"ಶನಿವಾರ ಜಗಳ ಆತಂತಲ್ಲ?"

"ಆತ್ರಿ. ಇಬ್ರಾಹಿಂಸಾಬಗ ನೂಲು ಕಡಿಮಿ ಬಂದಿತ್ರಿ. ನಿಮ್ಮ ಮಷಿನ್ ಕೆರೀಗೆ ಒಗೀತೇನಿ ಅಂದ."

ಪಡಸಾಲೆಯಲ್ಲೇ ಕೂತಿದ್ದ ಇಬ್ರಾಹಿಂಸಾಬ ತಾನಾಗಿ ಎದ್ದು ಬಂದ. "ಅಂದೇನ್ರಿ. ಸುಳ್ಳ್ಯಾಕ ಹೇಳ್ಲಿ? ಆದ್ರ ಒಗಿಯಾವ ಮಷಿನ್ ಬಿಟ್ಟು ಡಬ್ಬಿ ಯಾಕ ಒಯ್ತಾನ? ನನ್ನ ಮಗ್ಗ ನಿಂತಾವ. ನೂಲು ಕೊಡೂ ಸಾಮಾನು ನಾನ ಕದ್ದು ನಾನ ಉಪಾಸ ಬೀಳ್ಲೇನ್ರಿ?"

ಮಾತು ಸರಿಯಿತ್ತು. ಉಳಿದದ್ದು ನಜಮಾ.

ಟೈಪರೈಟರಿನ ಹಿಂದೆ ಕೂತಿದ್ದ ಹುಡುಗಿಗೆ ಇಪ್ಪತ್ತೆರಡಿರಬಹುದು. ತಂದೆಯಿಲ್ಲ. ತಾಯಿ ಕಾಸಿಂಬಿ ಮಂದಿಯ ಮನೆಗೆ ಮಗ್ಗದ ಕಂಡಿಕೆಗೆ ನೂಲು ಸುತ್ತಿಕೊಡುತ್ತಿದ್ದಳು. ಮನೆಗೆ ಗಟ್ಟಿಯಾಗಿ ಬರುತ್ತಿದ್ದದ್ದು ಈ ಹುಡುಗಿಯ ಪಗಾರವೊಂದೇ.

"ಶನಿವಾರ ನೀನ ಕೀಲಿ ಹಾಕಿದಿ?"

"ಹೌದ್ರಿ."

"ಆಗ ಡಬ್ಬಿ ಇತ್ತು?"

"...ಇತ್ರಿ."

"ಮಷಿನ್ ಚಾಲೂ ಮಾಡಿದ್ದಿ?"

ಅವಳು ಮಮದಾಪುರರತ್ತ ನೋಡಿದಳು. ತಲೆ ತಗ್ಗಿಸಿದಳು. ಮತ್ತೆ ಮಾತಿಲ್ಲ. ಹೆದರಿಕೆಯಿತ್ತು, ಖರೆ. ಆದರೆ ಕದ್ದವರ ಹೆದರಿಕೆ ಹೀಗಿರುವುದಿಲ್ಲ. ಅವರು ಒಂದು ಕೇಳಿದರೆ ಹತ್ತು ಹೇಳುತ್ತಾರೆ.

ಹಾದಿಮನಿ ಮಮದಾಪುರರತ್ತ ತಿರುಗಿದ. "ಅಲ್ರಿ ಸಾಹೇಬ್ರ, ಹುನಗುಂದದಾಗೂ ಇದ ಪ್ರೋಗ್ರಾಮ್ ಐತೆಲ್ಲ? ಅಲ್ಲಿಂದ ಒಂದು ನಕಲು ತಂದ್ರ ನಾಳೀನ ನೂಲು ಕೊಡಬಹುದಲ್ಲ?"

ಮಮದಾಪುರ ತಲೆಯಾಡಿಸಿದರು. "ಹಂಗ ಬರಂಗಿಲ್ರಿ. ಒಂದೊಂದು ಆಫೀಸಿಗೆ ಒಂದೊಂದು ಖರೀದಿ ಮಾಡಬೇಕು. ನಾಕು ಆಫೀಸಿಗೆ ನಾಕು ಸಲ ಕೊಂಡೇವಿ. ಇಲ್ಲಿಗೆ ಮತ್ತೊಮ್ಮೆ ಕೊಳ್ಳಾಕ ಬೆಂಗಳೂರಿಗೆ ಇವತ್ತ ಬರದೇನಿ."

ಕಳವು ಗೊತ್ತಾಗಿ ತಾಸೆರಡಾಗಿಲ್ಲ, ಹೊಸ ಖರೀದಿಗೆ ಕಾಗದ ಹೋಗಿದೆ. ಸತ್ತವನ ಮೈ ಆರುವ ಮೊದಲೇ ಬೀಗತನ ಮಾತಾಡಿದ ಹಾಗೆ. ಹಾದಿಮನಿ ಏನೂ ಅನ್ನದೆ ಜೀಪು ಹತ್ತಿದ.

ಹುನಗುಂದದ ಕಚೇರಿಯಲ್ಲಿ ಗುಮಾಸ್ತ ಮಲೀಕಸಾಬ ಚಹಾ ತರಿಸಿದ. ಚಹಾದ ತಟ್ಟೆ ಇಟ್ಟದ್ದು ಕಂಪ್ಯೂಟರ್ ಬಂದ ರಟ್ಟಿನ ಖೋಕಿಯ ಮೇಲೆ. ಖೋಕಿ ಒಡೆದೇ ಇರಲಿಲ್ಲ.

"ಇದನ್ನ ಯಾಕ ತಗದಿಲ್ರಿ?"

"ಉದ್ಘಾಟನಾ ಆಗಬೇಕಂತ್ರಿ. ದೊಡ್ಡವರು ಬರೂತನಕ ಮುಟ್ಟಬ್ಯಾಡ್ರಿ ಅಂದಾರ ನಮ್ಮ ಮಮದಾಪುರ ಸಾಹೇಬ್ರು. ಒಂದೂವರಿ ವರ್ಷಾತು."

"ಪ್ರೋಗ್ರಾಮ್?"

"ಅದು ಅವರ ಕಡೇನ ಐತ್ರಿ, ಬಾಗಲಕೋಟಿ ತಿಜೋರಿಯಾಗ."

"ಮಾರಿದವ್ರು ಯಾರು?"

ಮಲೀಕಸಾಬ ಬಾಗಿಲತ್ತ ನೋಡಿ ದನಿ ತಗ್ಗಿಸಿದ. "ಹುಬ್ಬಳ್ಳಿ ಕಂಪನಿರಿ. ಸಾಹೇಬ್ರ ಹೆಂಡ್ತಿ ತಮ್ಮಂದು."

ಬಾದಾಮಿಯಲ್ಲಿ ಕಂಪ್ಯೂಟರನ್ನೇನೋ ಹೊರಗೆ ತೆಗೆದಿದ್ದರು. ಅದು ಬೆವರದಿರಲೆಂದು ಕೊಂಡ ಎ.ಸಿ. ಮಾತ್ರ ಸಾಹೇಬರು ಬಂದಾಗ ಮಧ್ಯಾಹ್ನ ಮಲಗುವ ಕೋಣೆಯಲ್ಲಿತ್ತು. ಪ್ರೋಗ್ರಾಮ್ ಎಲ್ಲಿ ಎಂದರೆ ಮಳೆಗಾಲದಲ್ಲಿ ಫ್ಲಾಪಿ ನೆನೆದು ಕೆಟ್ಟವು, ಹೊಸದಕ್ಕೆ ಬರೆದಿದ್ದಾರೆ ಎಂದರು. ಅದನ್ನು ಹೇಳಿದವರ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ಹಾದಿಮನಿಗೆ ಅಲ್ಲಿಯ ನೀರೂ ಬೇಡವಾಯಿತು.

ತಿಂದವರು ಯಾರೆಂಬುದು ಅವನಿಗೆ ಹೆಚ್ಚುಕಡಿಮೆ ತಿಳಿದಿತ್ತು. ಆದರೆ ಇಳಕಲ್ಲಿನ ಕಳವು ಯಾರದು? ಅಲ್ಲಿ ಪ್ರೋಗ್ರಾಮ್ ದಿನಾ ನಡೆಯುತ್ತಿತ್ತು ಎನ್ನುತ್ತಾರೆ. ಪಟ್ಟಿಗಳು ಬಂದಿವೆ, ನೂಲು ಹಂಚಿಕೆಯಾಗಿದೆ. ನಡೆಯುವ ವಸ್ತುವನ್ನು ಮಮದಾಪುರ ಯಾಕೆ ಕದಿಯಬೇಕು? ಕೋರ್ಟಿನಲ್ಲಿ ಮೊದಲು ಕೇಳುವ ಪ್ರಶ್ನೆ ಅದೇ.

ಮಂಗಳವಾರ ಮುಂಜಾನೆ ಠಾಣೆಗೆ ಫೋನು ಬಂತು. ವಿಜಾಪುರದಿಂದ, ನೂಲು ಮಂಡಳಿಯ ಮೇಲಧಿಕಾರಿ.

"ಫೌಜದಾರ್ರ, ಬೆಂಗಳೂರಿನವ್ರು ಬರೂದ್ರೊಳಗ ಆ ಹುಡುಗೀನ್ನ ಅರೆಸ್ಟ್ ಮಾಡ್ರಿ. ಕೇಸು ಮುಗೀಲಿ."

"ಸಾಕ್ಷಿ ಬೇಕಲ್ರಿ."

"ಕೀಲಿಕೈ ಅಕಿ ಹತ್ರ ಇತ್ತು. ಇನ್ನೇನು ಬೇಕು?"

ಹಾದಿಮನಿ ರಿಸೀವರನ್ನು ಕುಕ್ಕಿ ಹೊರಗೆ ಬಂದ. ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬೇಕಿತ್ತು. ಜೀಪಿನ ಸ್ಟೇರಿಂಗಿಗೆ ಕಟ್ಟಿದ್ದ ದಾರ ಕಾಣಲಿಲ್ಲ. ಅದನ್ನೇ ಹಿಡಿದು ಚಾಲಕ ಹುಸೇನಸಾಬನನ್ನು ಗದರಿಸಿದ. "ಲೇ, ಖಂಡೇ ಪೂಜಿ ದಾರ ಎಲ್ಲಿ ಹೋತು?"

"ಅದು ಎರಡ ದಿನದಾಗ ಹರೀತ್ರಿ. ದಿನಾ ತಿರಗೂ ಸ್ಟೇರಿಂಗಿಗೆ ದಾರ ನಿಂದರತೈತೇನ್ರಿ?"

ಹಾದಿಮನಿ ಒಳಗೆ ಬಂದು ಕುರ್ಚಿಯಲ್ಲಿ ಕೂತ. ಎದುರಿನ ಮೂಲೆಯಲ್ಲಿ ಸರ್ಕಾರ ಕೊಟ್ಟ ವೈರ್‌ಲೆಸ್ ಸೆಟ್ಟಿತ್ತು. ಬಂದ ದಿನದಿಂದಲೂ ಮೂಕ. ಅದರ ಗುಂಡಿಗಳ ಮೇಲೆ ದಾರ ಕಟ್ಟಿದ ಹಾಗೇ ಇತ್ತು. ಒಂದು ಎಳೆಯೂ ಬಿಚ್ಚಿರಲಿಲ್ಲ.

ಅವನು ಅದನ್ನು ನೋಡುತ್ತಲೇ ಉಳಿದ. ಆಮೇಲೆ ಟೋಪಿ ತೆಗೆದುಕೊಂಡು ಎದ್ದ. "ಜೀಪ್ ತಗಿ. ನೂಲಿನ ಆಫೀಸಿಗೆ."

ಕಂಪ್ಯೂಟರ್ ಕೋಣೆಯಲ್ಲಿ ಎಲ್ಲರನ್ನೂ ಸೇರಿಸಿದ. ಪಂಚರಾಗಿ ಇಬ್ರಾಹಿಂಸಾಬ, ಮತ್ತೊಬ್ಬ ನೇಕಾರ. ಮಮದಾಪುರ ಗಡಿಯಾರ ನೋಡಿಕೊಂಡರು. ನಜಮಾ ಗೋಡೆಗೆ ಅಂಟಿ ನಿಂತಳು. ಕರೆದೊಯ್ಯಲು ಬಂದಿದ್ದಾರೆಂದೇ ಅವಳು ತಿಳಿದಿದ್ದಳು.

ಹಾದಿಮನಿ ಹೊದಿಕೆ ತೆಗೆದ. "ಹುಲ್ಲಪ್ಪ, ಈ ದಾರ ಯಾರು ಕಟ್ಟಿದ್ರು?"

"ನಾನ ಕಟ್ಟೇನ್ರಿ, ಖಂಡೇ ಪೂಜಿ ದಿನ. ತಿಂಗಳಾತು."

"ಆಮ್ಯಾಲ ಯಾರರ ಬಿಚ್ಚಿ ಮತ್ತ ಕಟ್ಟ್ಯಾರೇನು?"

"ಅಯ್ಯ, ದೇವರ ದಾರ ಯಾರು ಬಿಚ್ಚತಾರ್ರಿ? ಕಟ್ಟಿದ ಗಂಟು ನಂದ ಐತಿ."

"ಸಾಹೇಬ್ರ, ಹಿಡಿಕಿ ಎತ್ತದ ಫ್ಲಾಪಿ ಹೋಗಂಗಿಲ್ಲ ಅಂದ್ರಿ. ದಾರ ಹಿಡಿಕಿ ಮ್ಯಾಲೆ ಹಾದೈತಿ. ಹಿಡಿಕಿ ಎತ್ತಿದ್ರ ಹರೀಬೇಕು. ಗಂಧ ಒಣಗಿ ಬಾಯಿ ಮೆತ್ತೇತಿ. ಅದೂ ಒಡದಿಲ್ಲ. ಶನಿವಾರ ಪಟ್ಟಿ ತಗದೇವಿ ಅಂತೀರಿ. ಎದರಾಗಿಂದ ತಗದ್ರಿ?"

ಮಮದಾಪುರ ಜೇಬಿನ ಪೆನ್ನು ಸರಿಪಡಿಸಿಕೊಂಡರು.

"ನಾವೆಲ್ಲ ನೋಡಿದ್ವಿ," ಹಾದಿಮನಿ ಪಂಚರಿಗೆ ಹೇಳಿದ. "ನಾನೂ ನಿನ್ನೆ ಮೂಗು ಹಚ್ಚಿ ನೋಡಿ ಮುಚ್ಚಿದೆ. ಈ ಊರಾಗ ದಾರ ಇರದ ಸಾಮಾನ ಇಲ್ಲ, ಅದಕ್ಕ ದಾರ ಕಣ್ಣಿಗೆ ಬೀಳಲಿಲ್ಲ. ದುಡಿಯೂ ಸಾಮಾನಿನ ದಾರ ಹರೀತೈತಿ. ದುಡಿಯದ್ದರದು ಉಳೀತೈತಿ."

ಅವನು ದಾರ ಕತ್ತರಿಸಿದ. ಗಂಧದ ಹೆಕ್ಕಳೆ ಉದುರಿತು. ಹಿಡಿಕೆ ಎತ್ತಿ ಒಳಗೆ ಬೆರಳು ಹಾಕಿದ. ಬಿಳಿಯದೊಂದು ರಟ್ಟು ಹೊರಬಂತು. ಲಾರಿಯ ಕುಲುಕಾಟಕ್ಕೆ ಒಳಗಿನ ಭಾಗ ಪೆಟ್ಟಾಗದಿರಲೆಂದು ಕಾರ್ಖಾನೆಯವರು ಇಟ್ಟದ್ದು. ಚಾಲೂ ಮಾಡುವ ಮೊದಲು ಇದನ್ನು ತೆಗೆಯಿರಿ ಎಂದು ಅದರ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು.

"ಪೂಜಿ ಆದ ಮ್ಯಾಲಷ್ಟ ಅಲ್ಲ. ಈ ಮಷಿನ್ ಹುಟ್ಟಿದಾಗಿಂದ ಒಂದು ಫ್ಲಾಪಿ ನುಂಗಿಲ್ಲ. ಪ್ರೋಗ್ರಾಮ್ ಅನ್ನೂದ ಇರಲಿಲ್ಲ. ನಾಕು ಆಫೀಸಿಗೆ ನಾಕು ಸಲ ಬಿಲ್ಲು ಮಾಡಿ, ಖಾಲಿ ಫ್ಲಾಪಿ ತಂದಿಟ್ಟು, ಹೆಂಡ್ತಿ ತಮ್ಮನ ಕೂಡ ಹಂಚಿಕೊಂಡು ತಿಂದ್ರಿ. ಬೆಂಗಳೂರಿನವ್ರು ಚಾಲೂ ಮಾಡ್ರಿ ಅಂದ್ರ ಹಣೇಬರಹ ಹೊರಬೀಳ್ತಿತ್ತು. ಅದಕ್ಕ ರವಿವಾರ ಬಾಗಲಕೋಟಿಯಿಂದ ವಾಪಸ್ ಬಂದು, ನಿಮ್ಮ ಕೀಲಿಲೆ ತಗದು ಡಬ್ಬಿ ಮಾಯ ಮಾಡಿದ್ರಿ. ಕಳ್ಳ ನೀವ ಮಮದಾಪುರ ಸಾಹೇಬ್ರ. ಕಳವು ಮಾಡಿದ್ದು ಮೊನ್ನೆ ಅಲ್ಲ, ಒಂದೂವರಿ ವರ್ಷದ ಹಿಂದ."

"ಪಟ್ಟಿ ಬಂದಾವಲ್ಲ," ಮಮದಾಪುರ ಒಣಗಿದ ದನಿಯಲ್ಲಿ ಅಂದರು.

"ನಜಮಾ, ಪಟ್ಟಿ ಹೆಂಗ ಬಂದ್ವು?"

ಅವಳು ಒಂದೇ ಉಸಿರಿಗೆ ಹೇಳಿದಳು. "ನಾ ಟೈಪ್ ಮಾಡ್ತಿದ್ದೆ ಸಾಹೇಬ್ರ. ಮಷಿನ್ ನಡೀತೈತಿ ಅಂತ ಸಹಿ ಮಾಡಿಸಿಕೊಂಡಿದ್ರು. ಮಷಿನ್ ನಡ್ಯಾಂಗಿಲ್ಲ ಅಂದ್ರ ನಡಸಾಕಿ ಯಾಕ ಬೇಕು ಅಂತಾರ್ರಿ. ನನ್ನ ನೌಕರಿ ಹೋದ್ರ ನಮ್ಮವ್ವ..."

"ಹಂಗಾರ ಇವತ್ತಿನ ಪಟ್ಟಿ ಟೈಪ್ ಮಾಡಾಕ ಏನಡ್ಡಿ?"

"ಏನಿಲ್ರಿ."

ಎರಡು ದಿನದಿಂದ ಮಗ್ಗ ನಿಲ್ಲಿಸಿ ಕೂತವರು ಒಬ್ಬರ ಮುಖ ಒಬ್ಬರು ನೋಡಿದರು. ಇಬ್ರಾಹಿಂಸಾಬ ಮಮದಾಪುರರ ಕಡೆ ತಿರುಗಿ, ಕಿಟಕಿಯ ಆಚೆ ಉಗುಳಿ ಬಂದ. ಹಾದಿಮನಿಗೂ ಅದೇ ಬೇಕಿತ್ತು, ಸಮವಸ್ತ್ರ ಅಡ್ಡ ಬಂತು.

ಮಮದಾಪುರರನ್ನು ಜೀಪಿಗೆ ಹತ್ತಿಸಿದ ಮೇಲೆ ಅವನು ಕಚೇರಿಯ ಫೋನಿನಿಂದಲೇ ವಿಜಾಪುರಕ್ಕೆ ಸುದ್ದಿ ಹೇಳಿದ. ಮೇಲಧಿಕಾರಿಯ ಮಾತು ತಡವಿಲ್ಲದೆ ಬಂತು.

"ಹಂಗಾರ ಮಷಿನ್ ನಡದ ಇಲ್ಲ. ಆಪರೇಟರ್ ಹುದ್ದೆ ಇದ್ದದ್ದು ಮಷಿನ್ನಿಗೆ. ಆ ಹುಡುಗೀಗೆ ಇವತ್ತಿಂದ ಬರಬ್ಯಾಡ ಅಂತ ನೀವ ಹೇಳಿಬಿಡ್ರಿ."

ಲಕ್ಷಗಟ್ಟಲೆ ನುಂಗಿದ್ದು ಒಂದೂವರೆ ವರ್ಷ ಈ ಮನುಷ್ಯನ ಕಣ್ಣಿಗೆ ಬಿದ್ದಿರಲಿಲ್ಲ. ಹುಡುಗಿಯ ಪಗಾರ ಅರೆಗಳಿಗೆಯಲ್ಲಿ ಕಂಡಿತು. ಹಾದಿಮನಿಯ ಮೈಯೆಲ್ಲ ಹೇಸಿತು.

"ಅದು ಆಗಂಗಿಲ್ರಿ," ಅಂದ. "ಅಕಿ ಮುಖ್ಯ ಸಾಕ್ಷಿ. ಕೇಸು ಮುಗಿಯೂತನಕ ಅಕೀನ್ನ ಈ ಆಫೀಸಿನಿಂದ ಯಾರೂ ಕದಲಿಸಂಗಿಲ್ಲ. ಪಂಚನಾಮೆಯಾಗ ಬರದೇನಿ. ಕದಲಿಸಿದ್ರ ಸಾಕ್ಷಿ ಕೆಡಿಸಿದ್ದಕ್ಕ ನಿಮ್ಮ ಹೆಸರೂ ಬರೀಬೇಕಾಗ್ತದ."

ಅಂಥ ಕಾನೂನಿತ್ತೋ ಇಲ್ಲವೋ ಅವನಿಗೂ ಗೊತ್ತಿರಲಿಲ್ಲ. ಆ ಕಡೆಯವರಿಗೂ ಗೊತ್ತಿರಲಿಲ್ಲ. ಫೋನು ಮೆತ್ತಗೆ ಕೆಳಗಿಟ್ಟ ಸದ್ದು ಕೇಳಿಸಿತು.

ನಜಮಾ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಕೇಸು ಎಷ್ಟು ದಿನ ನಡೀತೈತ್ರಿ ಸಾಹೇಬ್ರ?"

"ಸರ್ಕಾರಿ ರೊಕ್ಕ ತಿಂದ ಕೇಸು, ತಂಗಿ," ಹಾದಿಮನಿ ಟೋಪಿ ಹಾಕಿಕೊಂಡ. "ನೀ ಪೆನ್ಶನ್ ತಗೊಳ್ಳೂತನಕ ನಡೀತೈತಿ. ಚಿಂತಿ ಮಾಡಬ್ಯಾಡ."