ಇಲ್ಲದ ಎಂಟನೇ ಕೋಷ್ಟಕ

"ಫೈಲ್ ಕೊಡ್ತೀಯೋ, ಇಲ್ಲಾ ಕೆಳಗೆ ಹೋಗ್ತೀಯೋ?"

ಕೆಳಗೆ ಎಂದರೆ ನಾಲ್ಕು ಮಹಡಿ ಕೆಳಗೆ!

ನನ್ನ ಸೊಂಟ ಮೆಟ್ಟಿಲಿನ ಕಬ್ಬಿಣದ ಕಂಬಿಗೆ ಒತ್ತಿಕೊಂಡಿತ್ತು. ತಲೆ ಆಚೆ ಕಡೆ ಗಾಳಿಯಲ್ಲಿತ್ತು. ಕಾಲರ್ ಹಿಡಿದಿದ್ದವನನ್ನು ನಾನು ನುಗ್ಗಿದ್ದ ಸಂಶೋಧನಾ ಸಂಸ್ಥೆಯಲ್ಲಿ ಎಲ್ಲರೂ ಗೂಳಿ ಅನ್ನುತ್ತಾರೆ. ಪ್ರೊಫೆಸರ್ ಸಾಹೇಬರ ಕಾರ್ ಡ್ರೈವರ್. ಕತ್ತು ಎಲ್ಲಿ ಮುಗಿದು ಭುಜ ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದು ಕಷ್ಟ.

"ಯಾವ ಫೈಲ್?" ಎಂದೆ.

"ನಿನ್ನ ಶರ್ಟ್ ಒಳಗಿರೋದು!"

"ಅದಾ... ಅದು ನನ್ನ ಹೊಟ್ಟೆ."

ಜೋಕು ಅವನಿಗೆ ಹಿಡಿಸಲಿಲ್ಲ. ಇನ್ನೊಂದು ಗೇಣು ಹಿಂದಕ್ಕೆ ತಳ್ಳಿದ. ಸುಳ್ಳು ಯಾಕೆ ಹೇಳಲಿ... ಆ ಕ್ಷಣ ನನ್ನ ಅಕ್ಕನನ್ನು ಮನಸಾರೆ ಬೈದುಕೊಂಡೆ.

ಆಮೇಲೆ ಮೊಣಕಾಲು ಎತ್ತಿ, ಕೊಡಬೇಕಾದ ಜಾಗಕ್ಕೆ ಕೊಟ್ಟೆ. ಅವನು ಹಾಗೇ ಕುಸಿದ. ನಾನು ಕಾಲಿಗೆ ಬುದ್ಧಿ ಹೇಳಿದೆ!

ಒಂದೊಂದು ನೆಗೆತಕ್ಕೆ ಮೂರು ಮೆಟ್ಟಿಲು. ಕೆಳಗಿನ ಹಾಲ್‌ನಲ್ಲಿ ಯಾವುದೋ ವಿಚಾರಸಂಕಿರಣಕ್ಕೆ ಬಂದವರು ಕಾಫಿ ಕುಡಿಯುತ್ತ ನಿಂತಿದ್ದರು. ನಡುವೆ ನುಗ್ಗಿದೆ. ಎರಡು ಕಪ್ಪು ಉರುಳಿದವು. ಹಿಂದೆ ಗೂಳಿಯ ಬೂಟು ಧಡಧಡ ಸದ್ದು ಮಾಡುತ್ತಿತ್ತು.

"ಕಳ್ಳ! ಹಿಡೀರಿ!"

ಅವರಲ್ಲಿ ಒಬ್ಬರೂ ಕೈ ಎತ್ತಲಿಲ್ಲ. ಕೈಯಲ್ಲಿ ಕಾಫಿ ಇತ್ತಲ್ಲ!

ರಸ್ತೆಗೆ ಬಿದ್ದೆ. ಹೊರಡುತ್ತಿದ್ದ ಬಸ್ಸಿಗೆ ಹಾರಿಕೊಂಡೆ. ಗೂಳಿಯ ಅಂಗೈ ಬಸ್ಸಿನ ಬೆನ್ನಿಗೆ ಬಡಿದು ಹಿಂದೆ ಉಳಿಯಿತು. ಗಡಿಯಾರ ನೋಡಿದೆ. ಒಂದೂ ನಲವತ್ತು.

ಸಮಿತಿ ಸೇರುವುದು ಮೂರಕ್ಕೆ.

ಉಸಿರು ಹಿಡಿದುಕೊಳ್ಳುವಷ್ಟರಲ್ಲಿ ವಿಷಯ ಹೇಳಿಬಿಡುತ್ತೇನೆ, ಕೇಳಿ. ಹುಡುಕಿಕೊಡುವುದು ನನ್ನ ಕಸುಬು. ಓಡಿಹೋದ ಗಂಡ, ಕಳುವಾದ ಬೈಕು, ಸುಳ್ಳು ಸರ್ಟಿಫಿಕೇಟು... ಇಂಥವು. ಸಂಶೋಧನೆ, ಜರ್ನಲ್ಲು ಎಂದರೆ ನನಗೂ ಅದಕ್ಕೂ ಎಣ್ಣೆ ಸೀಗೆಕಾಯಿ. ಆದರೆ ನನ್ನ ಅಕ್ಕ ಒಂದು ಸಣ್ಣ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸು. ಅಂಥ ಮೂವತ್ತು ವಾರ್ಡು ಮುಚ್ಚಲು ಸರ್ಕಾರದ ಒಂದು ಸಮಿತಿ ಹೊರಟಿತ್ತು. ಇವತ್ತು ಮೂರಕ್ಕೆ ತೀರ್ಮಾನ. ಆಧಾರ? ಪ್ರೊಫೆಸರ್ ಬರೆದ ಒಂದೇ ಒಂದು ಲೇಖನ! ಸಣ್ಣ ವಾರ್ಡು ಮುಚ್ಚಿದರೆ ಯಾರಿಗೂ ತೊಂದರೆಯಿಲ್ಲ, ಎಲ್ಲರೂ ಅರ್ಧ ಗಂಟೆಯೊಳಗೆ ದೊಡ್ಡಾಸ್ಪತ್ರೆ ಸೇರುತ್ತಾರೆ ಎಂದು ಅದರಲ್ಲಿತ್ತು. ಒಂದು ಸಮಾಜ ವಿಜ್ಞಾನ ಜರ್ನಲ್‌ನಲ್ಲಿ ಅಚ್ಚಾಗಿತ್ತು. ಜರ್ನಲ್‌ನವರು ಹೊರಗಿನ ಇಬ್ಬರು ಪರಿಣತರಿಂದ ಗುಟ್ಟಾಗಿ ಓದಿಸಿ, ಅವರು ಸೈ ಅಂದಮೇಲೇ ಅಚ್ಚು ಹಾಕುವುದು. ಹಾಗಾಗಿ ಸಮಿತಿ ಕಣ್ಣು ಮುಚ್ಚಿ ನಂಬಿತು.

ಅಕ್ಕ ನಂಬಲಿಲ್ಲ.

"ನಮ್ಮ ವಾರ್ಡಲ್ಲಿ ಇನ್ನೂರ ಹನ್ನೆರಡು ಬಾಣಂತಿಯರನ್ನ ಮಾತಾಡಿಸಿದಾನಂತೆ. ಒಬ್ಬಳನ್ನೂ ಮಾತಾಡಿಸಿಲ್ಲ ಕಣೋ! ಹೋದ ತಿಂಗಳು ಇಲ್ಲಿ ಡಾಕ್ಟ್ರಿಲ್ಲ ಅಂತ ಒಬ್ಬಳನ್ನ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೊರಟೆ. ದಾರೀಲೇ ಹೋದ್ಲು. ನನ್ನ ತೊಡೆ ಮೇಲೆ."

"ನಾನೇನು ಮಾಡ್ಲಿ ಅಕ್ಕ? ನನ್ನ ಓದು ಅಷ್ಟಕ್ಕಷ್ಟೆ."

"ಸುಳ್ಳು ಹಿಡಿಯೋಕೆ ಡಿಗ್ರಿ ಬೇಕೇನೋ?"

ಮೊನ್ನೆ ಆ ಲೇಖನವನ್ನು ನಾಲ್ಕು ಸಲ ಓದಿದೆ. ನಿನ್ನೆ ಜರ್ನಲ್ ಆಫೀಸಿಗೆ ಹೋದೆ. ಸಂಪಾದಕಿಗೆ ಎಪ್ಪತ್ತರ ಹತ್ತಿರ. ಎಲ್ಲರೂ ಮೇಡಂ ಅನ್ನುತ್ತಾರೆ. ಕೂರು ಎನ್ನಲಿಲ್ಲ. ಪರಿಣತರ ಎರಡು ಪತ್ರ ತೆಗೆದು, ಹೆಸರನ್ನು ಕೈಯಿಂದ ಮುಚ್ಚಿ, ಮುಖಕ್ಕೆ ಹಿಡಿದರು.

"ಓದು! ಇಬ್ಬರೂ ಮೆಚ್ಚಿದಾರೆ. ನೀನ್ಯಾರಯ್ಯ ಕೇಳೋಕೆ?"

ಓದಿದೆ. ಒಂದು ಪತ್ರದಲ್ಲಿ, 'ಎಂಟನೇ ಕೋಷ್ಟಕವಂತೂ ಈ ಲೇಖನದ ಜೀವಾಳ' ಎಂದಿತ್ತು.

"ಮೇಡಂ, ಲೇಖನದಲ್ಲಿ ಇರೋದೇ ಏಳು ಕೋಷ್ಟಕ."

"ಬೆರಳು ತಪ್ಪಿರುತ್ತೆ. ಹೊರಡು!"

ಹೊರಟೆ. ಆದರೆ ತಲೆಯಲ್ಲಿ ಹುಳ ಬಿಟ್ಟಾಗಿತ್ತು. ಇವತ್ತು ಎಸಿ ರಿಪೇರಿಯವನಾಗಿ ಪ್ರೊಫೆಸರ್ ರೂಮಿಗೆ ನುಗ್ಗಿದೆ. ಬೀರುವಿನ ಕೆಳಖಾನೆಯಲ್ಲಿ ಲೇಖನದ ಹಳೇ ಕರಡು ಸಿಕ್ಕಿತು. ಅಲ್ಲಿತ್ತು ಎಂಟನೇ ಕೋಷ್ಟಕ! ಅದರ ಮೇಲೆ ಅವರದೇ ಅಕ್ಷರದಲ್ಲಿ, 'ಈ ಜರ್ನಲ್‌ಗೆ ಏಳಕ್ಕಿಂತ ಹೆಚ್ಚು ಕಳಿಸುವಂತಿಲ್ಲ. ಇದನ್ನು ತೆಗೆಯಬೇಕು.' ಪಕ್ಕದಲ್ಲಿ ತಾರೀಖು.

ಅಷ್ಟರಲ್ಲಿ ಗೂಳಿ ಬಂದ. ಮುಂದಿನದು ನಿಮಗೆ ಗೊತ್ತು.

ಎರಡು ಗಂಟೆಗೆ ಜರ್ನಲ್ ಆಫೀಸಿನ ಬಾಗಿಲು ತಳ್ಳಿದೆ.

"ಮತ್ತೆ ಬಂದ್ಯಾ? ಪೊಲೀಸ್ ಕರೀಲಾ?"

"ಕರೀರಿ ಮೇಡಂ. ಅವರು ಬರೋದರೊಳಗೆ ಇದನ್ನ ನೋಡಿ. ಪರಿಣತರಿಗೆ ಕಳಿಸಿದ ಪ್ರತೀನೂ ತೆಗೀರಿ."

ಬೈಯುತ್ತಲೇ ತೆಗೆದರು. ಎಣಿಸಿದರು. ಏಳು! ನನ್ನ ಕರಡಿನಲ್ಲಿ ಎಂಟು. ತಾರೀಖು ನೋಡಿದರು. ಲೇಖನ ಆಫೀಸಿಗೆ ಬಂದದ್ದು ಆ ತಾರೀಖಿನ ಹದಿನೈದು ದಿನದ ಮೇಲೆ. ಮೇಡಂ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ಮತ್ತೆ ಎಣಿಸಿದರು.

"ಎಂಟನೇದು ಅವರ ಬೀರು ಬಿಟ್ಟು ಆಚೆಗೇ ಬಂದಿಲ್ಲ," ಎಂದೆ. "ಹಾಗಾದ್ರೆ ಅದನ್ನ ಹೊಗಳಿದ್ದು ಯಾರು?"

ಅವರು ಆ ಪತ್ರವನ್ನೇ ಮತ್ತೆ ಎತ್ತಿಕೊಂಡು ಓದಿದರು.

"ಆ ಪರಿಣತರ ಹೆಸರು, ಈಮೇಲು ಕೊಟ್ಟೋರು ಯಾರು ಮೇಡಂ?"

"ಅವನೇ..." ದನಿ ಇಳಿದಿತ್ತು. "ಓದೋರು ಸಿಗಲ್ಲ ಕಣಯ್ಯ. ಪುಕ್ಕಟೆ ಕೆಲಸ. ಅದಕ್ಕೇ ಲೇಖಕರೇ ನಾಲ್ಕು ಹೆಸರು ಸೂಚಿಸ್ತಾರೆ, ನಾವು ವಿಚಾರಿಸಿ ಆರಿಸ್ತೀವಿ. ಅದು ರೂಢಿ. ಆ ಸಲ... ನಾನು ವಿಚಾರಿಸಲಿಲ್ಲ. ದೊಡ್ಡ ಹೆಸರು, ದೊಡ್ಡ ಮನುಷ್ಯ ಅಂತ ಬಿಟ್ಟೆ."

ಹಳೇ ಡೈರಿ ತೆಗೆದು ಒಬ್ಬ ಪರಿಣತರ ಮನೆಯ ನಂಬರು ಒತ್ತಿದರು. ಸ್ಪೀಕರ್ ಹಾಕಿದರು. ಆ ಕಡೆಯ ಮುದುಕರಿಗೆ ಕಿವಿ ಮಂದ, ಸಿಟ್ಟು ಚುರುಕು.

"ಯಾವ ಲೇಖನ? ನನಗ್ಯಾವ ಲೇಖನಾನೂ ಬಂದಿಲ್ಲ! ಆ ಮನುಷ್ಯನ ಲೇಖನ ಓದಿ ನಾನು ಸೈ ಅಂತೀನಾ? ತಲೆ ಕೆಟ್ಟಿದ್ಯಾ ನಿನಗೆ?"

ಫೋನ್ ಇಟ್ಟರು. ಪರಿಣತರ ಹೆಸರಿನ ಈಮೇಲು ವಿಳಾಸ ಪ್ರೊಫೆಸರರದ್ದೇ ಸೃಷ್ಟಿ. ತನ್ನ ಲೇಖನಕ್ಕೆ ತಾನೇ ಪರೀಕ್ಷಕ! ಹೊಗಳುವ ಭರದಲ್ಲಿ, ಕಳಿಸದೇ ಇದ್ದ ಕೋಷ್ಟಕವನ್ನೂ ಹೊಗಳಿಬಿಟ್ಟಿದ್ದರು!

ಆಗಲೇ ಬಾಗಿಲು ಧಡಾರ್ ಎಂದಿತು. ಗೂಳಿ ಕುಂಟುತ್ತಿದ್ದ. ಹಿಂದೆ ಇಸ್ತ್ರಿ ಮಾಡಿದ ಕೋಟಿನಲ್ಲಿ ಪ್ರೊಫೆಸರ್.

"ಮೇಡಂ, ಇವನು ಕಳ್ಳ. ಕದ್ದ ಕಾಗದ ನಂಬ್ತೀರಾ?"

"ನನ್ನ ಫೈಲಲ್ಲಿರೋ ಪತ್ರ ಕದ್ದಿದ್ದಲ್ಲ. ಅದನ್ನ ಯಾರಪ್ಪ ಬರೆದಿದ್ದು?"

ಪ್ರೊಫೆಸರ್ ಕುರ್ಚಿ ಎಳೆದು ಕೂತರು. ಮರ್ಯಾದೆ ಕಳಚಿಟ್ಟು ಕೂತರು ಎನ್ನಿ!

"ನೋಡಿ, ಅಚ್ಚು ಹಾಕಿದ್ದು ನೀವು. ಲೇಖನ ವಾಪಸ್ ಅಂತ ಒಂದು ಸಾಲು ಹಾಕಿದ್ರೆ ನಾಳೆ ಎಲ್ರೂ ನಿಮ್ಮನ್ನೇ ಕೇಳ್ತಾರೆ. ಇಪ್ಪತ್ತೆಂಟು ವರ್ಷ ಕಟ್ಟಿದ ಜರ್ನಲ್ಲು ಮಣ್ಣುಪಾಲು! ನಾನು ಮುಳುಗಿದ್ರೆ ನಿಮ್ಮನ್ನೂ ಎಳ್ಕೊಂಡೇ ಮುಳುಗೋದು."

ಮೇಡಂ ಕಪಾಟಿನ ಹಳೇ ಸಂಪುಟಗಳತ್ತ ನೋಡಿದರು. ಆ ಹೆಂಗಸು ಹಿಂಜರಿದರೆ ಮೂವತ್ತು ವಾರ್ಡಿಗೂ ಬೀಗ.

"ಮೇಡಂ, ನನ್ನ ಅಕ್ಕನ..."

"ನೀನು ಬಾಯ್ಮುಚ್ಚು!" ನನ್ನ ಮೇಲೆ ಹರಿಹಾಯ್ದು, ಪ್ರೊಫೆಸರ್ ಕಡೆ ತಿರುಗಿದರು. "ಆ ಇನ್ನೂರ ಹನ್ನೆರಡು ಹೆಂಗಸರಲ್ಲಿ ಎಷ್ಟು ಜನರ ಜೊತೆ ಮಾತಾಡಿದೀಯ?"

"ಅದು ಮಾದರಿ ವಿಧಾನ ಮೇಡಂ... ಅಂದಾಜಿನ..."

"ಎಷ್ಟು ಜನ?"

ಪ್ರೊಫೆಸರ್ ಕೋಟಿನ ಗುಂಡಿ ಹಾಕಿಕೊಂಡರು. ಮೇಡಂ ಕಂಪ್ಯೂಟರ್ ಎಳೆದುಕೊಂಡು ಟೈಪ್ ಮಾಡತೊಡಗಿದರು.

"ಗೂಳಿ! ನಿಲ್ಲಿಸೋ ಅದನ್ನ!"

ಗೂಳಿ ಮೇಜಿನ ಮೇಲೆ ಎಗರಿದ. ನನ್ನ ಕೈಗೆ ಸಿಕ್ಕಿದ್ದು ಕಪಾಟಿನ ಒಂದು ಸಂಪುಟ. ಐದು ವರ್ಷದ ಸಂಚಿಕೆಗಳನ್ನು ಸೇರಿಸಿ ರಟ್ಟು ಕಟ್ಟಿದ್ದು! ಎರಡೂ ಕೈಯಿಂದ ಎತ್ತಿ ನೆತ್ತಿಗೆ ಹಾಕಿದೆ. ಗೂಳಿ ಮೇಜಿನ ಕೆಳಗೆ ಮಲಗಿದ. ಸಮಾಜ ವಿಜ್ಞಾನ ಇಷ್ಟು ಭಾರ ಇರುತ್ತದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ಪ್ರಿಂಟರ್ ಒಂದು ಹಾಳೆ ಉಗುಳಿತು. ಮೇಡಂ ಸಹಿ ಹಾಕಿದರು.

"ಅಂತರ್ಜಾಲದಲ್ಲೂ ಹಾಕಿದೀನಿ. ಆದ್ರೆ ಆ ಸಮಿತಿಯೋರು ಅದನ್ನ ನೋಡೋಷ್ಟರಲ್ಲಿ ವರ್ಷ ಆಗುತ್ತೆ. ಟ್ಯಾಕ್ಸಿ ಹಿಡಿ!"

ಮೂರೂ ಹತ್ತು. ಸಮಿತಿ ಕೊಠಡಿಯಲ್ಲಿ ಹನ್ನೊಂದು ಜನ, ಹನ್ನೊಂದು ನೀರಿನ ಬಾಟಲಿ. ಬಾಗಿಲಲ್ಲಿ ಜವಾನ ತಡೆದ. ಮೇಡಂ ಅವನನ್ನು ಒಮ್ಮೆ ದುರುಗುಟ್ಟಿ ನೋಡಿದರು. ದಾರಿ ಬಿಟ್ಟ. ನಾನಾಗಿದ್ದರೂ ಬಿಡುತ್ತಿದ್ದೆ.

ಅಧ್ಯಕ್ಷರು ಹಾಳೆ ತೆಗೆದುಕೊಂಡು ಗಟ್ಟಿಯಾಗಿ ಓದಿದರು. 'ಈ ಲೇಖನದ ಪರೀಕ್ಷಕರು ನಿಜವಾದ ಪರೀಕ್ಷಕರಲ್ಲ. ವಿಚಾರಿಸದೆ ಒಪ್ಪಿದ್ದು ಸಂಪಾದಕಿಯ ತಪ್ಪು. ಲೇಖನವನ್ನು ಹಿಂಪಡೆಯಲಾಗಿದೆ.'

"ಜರ್ನಲ್‌ನಲ್ಲಿ ಬಂದಿದೆ ಅಂತ ನಾವು ನಂಬಿದ್ವಲ್ಲ ಮೇಡಂ!"

"ನಾನೂ ಹಾಗೇ ಮಾಡಿದ್ದು. ಬೇರೆ ಯಾರೋ ಓದಿದಾರೆ ಅಂತ ನಂಬಿದೆ. ನಿಮ್ಮಲ್ಲಿ ಯಾರು ಓದಿದೀರಿ ಇದನ್ನ?"

ಹನ್ನೊಂದು ಜನವೂ ತಮ್ಮ ತಮ್ಮ ನೀರಿನ ಬಾಟಲಿ ನೋಡಿದರು. ಅಧ್ಯಕ್ಷರು ಪೆನ್ನು ತೆಗೆದು, ವಾರ್ಡು ಮುಚ್ಚುವ ವಿಷಯಕ್ಕೆ ಅಡ್ಡಗೆರೆ ಎಳೆದರು.

ಹೊರಗೆ ಬಂದು ಮೇಡಂ ಬೆಂಚಿನ ಮೇಲೆ ಕೂತರು. "ನಾಳೆ ರಾಜೀನಾಮೆ ಕೊಡ್ತೀನಿ," ಎಂದರು. ನನಗೆ ಸಂಕಟವಾಯಿತು. ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಕ, ವಾರ್ಡು ಉಳೀತು!"

"ಹೌದೇನೋ? ಸರಿ ಸರಿ... ಈಗ ಬಿಡುವಿಲ್ಲ. ಇಲ್ಲೊಬ್ಬಳಿಗೆ ಹೆರಿಗೆ ಆಗ್ತಿದೆ. ಇಡು ಫೋನು!"

ಆ ಹೊತ್ತಿಗೆ ಪ್ರೊಫೆಸರ್ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಮುಚ್ಚಿದ ಬಾಗಿಲು ನೋಡಿದರು. ನನ್ನನ್ನು ನೋಡಿದರು. ವಿಷಯ ತಿಳಿಯಿತು. ಹಲ್ಲು ಕಡಿದರು.

"ನಿನ್ನ ಸುಮ್ನೆ ಬಿಡಲ್ಲ. ನೀನು ಮಾಡಿದ್ದನ್ನೆಲ್ಲ ಬರೀತೀನಿ. ಎಲ್ಲಾ ಕಡೆ ಬರೀತೀನಿ!"

"ಧಾರಾಳವಾಗಿ ಬರೀರಿ ಸಾರ್," ಎಂದೆ. "ಆದ್ರೆ ಈ ಸಲ ಅಚ್ಚಿಗೆ ಕೊಡೋ ಮುಂಚೆ ಬೇರೆ ಯಾರ ಕೈಲಾದ್ರೂ ಓದಿಸಿ!"