ಕೋಣೆ ನೋಡಿ ಬರುವ ಮಣ್ಣಮ್ಮ

ಬಹಳ ಹಿಂದೆ, ಅರಮನೆಯ ಗೋಡೆಯೂ ಮಣ್ಣಿನದೇ ಆಗಿದ್ದ ಕಾಲದಲ್ಲಿ, ತುಂಬೆಸೀಮೆ ಎಂಬ ರಾಜ್ಯವಿತ್ತು. ಅಲ್ಲಿ ಗೋಡೆ ಮೆತ್ತುವವರಿಗೆ ಬಿಡುವೆಂಬುದೇ ಇರಲಿಲ್ಲ. ಮಣ್ಣು ತುಳಿದು, ಹುಲ್ಲು ಕಲಸಿ, ಅಂಗೈಯಲ್ಲಿ ಬಳಿದು ನುಣುಪು ಮಾಡುವ ಆ ಕೆಲಸದಲ್ಲಿ ದೇವೀರಿ ಎಂಬ ಹೆಂಗಸನ್ನು ಮೀರಿಸಿದವರಿಲ್ಲ. ಹೆತ್ತವರಿಲ್ಲದ ಅವಳಿಗೆ ಕೆಂಪಾಜಿ ಎಂಬ ತಂಗಿಯೊಬ್ಬಳೇ ಬಳಗ. ಅಕ್ಕ ಗೋಡೆ ಮೆತ್ತಿದರೆ ತಂಗಿ ಮಂಕರಿ ಬುಟ್ಟಿಯಲ್ಲಿ ಮಣ್ಣು ಹೊರುತ್ತಿದ್ದಳು. ಹೊರುವಾಗೆಲ್ಲ ಗೊಣಗುತ್ತಿದ್ದಳು.

ಆ ಸೀಮೆಯಲ್ಲೊಂದು ಕಟ್ಟಳೆಯಿತ್ತು. ಗೋಡೆಯ ಮೇಲೆ ಕುಂಬಾರ ಹುಳ ಗೂಡು ಕಟ್ಟಿದರೆ ಅದನ್ನು ಯಾರೂ ಮುಟ್ಟುವಂತಿಲ್ಲ. ಕುಂಬಾರ ಹುಳವೆಂದರೆ ಸಣ್ಣ ನಡುವಿನ ಕಡಜ. ಬಾಯಲ್ಲಿ ಹಸಿಮಣ್ಣಿನ ಉಂಡೆ ತಂದು ತಂದು ಪುಟ್ಟ ಮಡಕೆಯಂಥ ಗೂಡು ಕಟ್ಟುತ್ತದೆ, ಒಳಗೆ ಹಸಿರು ಹುಳಗಳನ್ನು ತುಂಬಿ ಬಾಯಿ ಮುಚ್ಚುತ್ತದೆ. ಕೆಲವು ದಿನ ಕಳೆದರೆ ಗೂಡು ತೂತಾಗಿ ಹೊಸ ಕಡಜವೊಂದು ಹಾರಿ ಬರುತ್ತದೆ. ಕಡಜ ಗುಂಯ್‌ಗುಟ್ಟುತ್ತ 'ನನ್ನಂತಾಗು, ನನ್ನಂತಾಗು' ಎಂದು ಹಾಡಿ ಹುಳಕ್ಕೆ ರೆಕ್ಕೆ ಬರಿಸುತ್ತದೆ ಎಂದು ಜನ ನಂಬಿದ್ದರು. ಆದ್ದರಿಂದ ಮೆತ್ತುವವರು ಗೂಡನ್ನು ಬಿಟ್ಟು ಸುತ್ತ ಮೆತ್ತುತ್ತಿದ್ದರು. ಒಡೆದು ನೋಡಿದವರು ಒಬ್ಬರೂ ಇರಲಿಲ್ಲ.

ಒಬ್ಬಳಿದ್ದಳು. ದೇವೀರಿಗೆ ಹತ್ತು ವರ್ಷವಾಗಿದ್ದಾಗ ಕೈ ತಪ್ಪಿ ಒಂದು ಗೂಡು ಒಡೆದಿತ್ತು. ಒಳಗಿನ ಹಸಿರು ಹುಳಗಳು ಸತ್ತಿರಲಿಲ್ಲ, ಆದರೆ ಅಲುಗಾಡುತ್ತಲೂ ಇರಲಿಲ್ಲ. ಅವುಗಳ ನಡುವೆ ಬೆಳ್ಳಗಿನ ಮರಿಯೊಂದು ಕೂತು ಒಂದು ಹುಳವನ್ನು ಬಾಲದ ಕಡೆಯಿಂದ ನಿಧಾನವಾಗಿ ತಿನ್ನುತ್ತಿತ್ತು. ತಿನ್ನಿಸಿಕೊಳ್ಳುತ್ತಿದ್ದ ಹುಳದ ತಲೆ ಇನ್ನೂ ಸಣ್ಣಗೆ ಮಿಡಿಯುತ್ತಿತ್ತು. ಹುಳ ಕಡಜವಾಗುವುದಿಲ್ಲ, ಕಡಜದ ಮರಿಗೆ ಬುತ್ತಿಯಾಗುತ್ತದೆ ಎಂದು ಅವಳಿಗೆ ಅಂದೇ ತಿಳಿಯಿತು. ಬಾಯಿ ಬಿಟ್ಟರೆ ಊರು ಬಿಡಿಸುತ್ತಾರೆಂದು ಹೆದರಿ, ತೂತಿಗೆ ಮಣ್ಣು ಮೆತ್ತಿ ಸುಮ್ಮನಾಗಿದ್ದಳು.

ಹೀಗಿರುವಾಗ ಅಲ್ಲಿಯ ಅರಸ ಅಚ್ಚಮದೇವನಿಗೆ ನೆರೆರಾಜ್ಯದ ದಂಡು ಬರುತ್ತದೆಂಬ ಭಯ ಹಿಡಿಯಿತು. ಆಗಲೇ ಒಬ್ಬ ಮಾಟಗಾತಿ ಅರಮನೆಗೆ ಬಂದಳು. ಎತ್ತರದ ಹೆಂಗಸು. ಕಪ್ಪು ಸೀರೆಗೆ ಹಳದಿ ಪಟ್ಟೆ. ನಡು ಒಂದು ಮುಷ್ಟಿಯಷ್ಟೇ. ಕಣ್ಣಿಗೆ ರೆಪ್ಪೆಯೇ ಇರಲಿಲ್ಲ. ತನ್ನ ಹೆಸರು ಮಣ್ಣಮ್ಮ ಎಂದಳು. ಪ್ರಾಯದ ಮಕ್ಕಳನ್ನು ಕೊಟ್ಟರೆ ಮಣ್ಣಿನ ಕೋಣೆಯಲ್ಲಿಟ್ಟು ಹಾಡುವುದಾಗಿಯೂ, ಬಾಣ ನಾಟದ ಮೈ, ಹಾರುವ ರೆಕ್ಕೆ ಕೊಟ್ಟು ಹಿಂದಿರುಗಿಸುವುದಾಗಿಯೂ ಹೇಳಿದಳು. ಅರಸ ನಂಬಿದ. ನಂಬದೆ ಇನ್ನೇನು, ಹುಟ್ಟಿದಾಗಿನಿಂದ ಗೋಡೆಗಳ ಮೇಲೆ ಅವನು ಕಂಡದ್ದೂ ಅದನ್ನೇ.

ಊರಾಚೆಯ ಬಯಲಲ್ಲಿ ಮಣ್ಣಮ್ಮ ಗುಂಡನೆಯ ಕೋಣೆಗಳನ್ನು ಕಟ್ಟಿದಳು. ಯಾರ ಸಹಾಯವನ್ನೂ ಕೇಳಲಿಲ್ಲ. ಮೊದಲ ಇಪ್ಪತ್ತು ಮಂದಿ ಕುಣಿಯುತ್ತ ಒಳಗೆ ಹೋದರು. ತಿಂಗಳು ತುಂಬಿದ ಮೇಲೆ ಗೋಡೆ ಒಡೆದು ಹೊಳೆಯುವ ಇಪ್ಪತ್ತು ಮಂದಿ ಹೊರಬಂದರು. ಮುಖ ಆಯಾ ಮನೆಯ ಮಕ್ಕಳದೇ. ಬಡಗಿಯ ಹೆಂಡತಿ ಮಾಳವ್ವ ಓಡಿಹೋಗಿ ಮಗನನ್ನು ತಬ್ಬಿಕೊಂಡಳು. ಮೈ ತಣ್ಣಗೆ, ಗಟ್ಟಿಯಾಗಿತ್ತು, ಒಳಗೆಲ್ಲೋ ಗುಂಯ್ ಎನ್ನುತ್ತಿತ್ತು. ಬಿಸಿ ಮುದ್ದೆ ಬಡಿಸಿದರೆ ಅವನು ಮುಟ್ಟಲಿಲ್ಲ. ಹಿತ್ತಲಿನ ತುಂಬೆ ಹೂವಿನ ಸಿಹಿ ಹೀರಿ, ಅವ್ವ ಎಂದು ಕೂಡ ಅನ್ನದೆ ಎದ್ದು ಹೋದ. ಮಗ ದೊಡ್ಡ ಮನುಷ್ಯನಾದನೆಂದು ಮಾಳವ್ವ ಬೀದಿಯಲ್ಲೆಲ್ಲ ಹೇಳಿದಳು. ಮನೆಯ ಬಾಗಿಲು ಹಾಕಿಕೊಂಡು ಅತ್ತಳು.

ಎರಡನೆಯ ಸಲದ ಇಪ್ಪತ್ತು ಮಂದಿಯಲ್ಲಿ ಕೆಂಪಾಜಿಯೂ ಹೆಸರು ಕೊಟ್ಟಿದ್ದಳು. ದೇವೀರಿ ಇಷ್ಟು ವರ್ಷ ಬಚ್ಚಿಟ್ಟಿದ್ದನ್ನು ಮೊದಲ ಬಾರಿಗೆ ಬಾಯಿ ಬಿಟ್ಟು ಹೇಳಿದಳು.

"ಅದು ಹಾಡಿ ರೆಕ್ಕೆ ಬರ್ಸೋದಿಲ್ಲ ಕಣೆ. ಒಳಗಿಟ್ಟು ತಿನ್ನಿಸ್ತದೆ. ನಾನು ಕಂಡಿದೀನಿ."

"ನೀನು ಇಷ್ಟು ದಿನ ಯಾಕಕ್ಕ ಹೇಳ್ಲಿಲ್ಲ?" ಎಂದಳು ಕೆಂಪಾಜಿ. "ನಾನು ಹೋಯ್ತೀನಿ ಅಂದ್‌ಮೇಲೆ ಹೇಳ್ತಿದೀಯ. ಸಾಯೋತನಕ ನಿನ್ನ ಮಂಕರಿ ಹೊತ್ಕೊಂಡಿರ್‌ಬೇಕು ಅಂತ ತಾನೆ?"

ಬೆಳಗಾಗುವಷ್ಟರಲ್ಲಿ ತಂಗಿ ಹೊರಟುಹೋಗಿದ್ದಳು. ದೇವೀರಿ ಅರಮನೆಗೆ ಓಡಿ ಎಲ್ಲವನ್ನೂ ಅರಸನ ಮುಂದೆ ಹೇಳಿಕೊಂಡಳು. ಅರಸ ಪೂರ್ತಿ ಕೇಳಲೂ ಇಲ್ಲ. ಗೂಡು ಒಡೆದದ್ದು ನಿಜವೇ ಎಂದು ಕೇಳಿದ. ನಿಜವೆಂದಳು. ಹೊತ್ತು ಮುಳುಗುವುದರೊಳಗೆ ಸೀಮೆ ಬಿಟ್ಟು ಹೋಗಬೇಕೆಂದು ಅಪ್ಪಣೆಯಾಯಿತು. ಆಯಿತೆಂದು ಕೈಮುಗಿದು, ಅವಳು ಗಡಿಯ ಕಡೆಗೆ ಹೋಗದೆ ಮಣ್ಣಿನ ಗುಂಡಿಗೆ ಹೋದಳು. ಚೆನ್ನಾಗಿ ತುಳಿದ ಮಣ್ಣನ್ನು ಎರಡು ಮಂಕರಿ ತುಂಬಿದಳು. ಮೈಗೂ ಮುಖಕ್ಕೂ ಅದೇ ಹಸಿಮಣ್ಣು ಬಳಿದುಕೊಂಡಳು. ಕಡಜಗಳು ಗುರುತು ಹಿಡಿಯುವುದು ವಾಸನೆಯಿಂದ ಎಂಬುದು ಅವಳಿಗೆ ಗೊತ್ತಿತ್ತು.

ನಡುಮಧ್ಯಾಹ್ನ. ಬಯಲಲ್ಲಿ ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ. ಹೊಳೆಯುವವರು ಸಾಲಾಗಿ ಕಾವಲು ನಿಂತಿದ್ದರು. ಅವರಲ್ಲಿ ಮಾಳವ್ವನ ಮಗನ ಮುಖದವನು ಮುಂದೆ ಬಂದು ಉದ್ದುದ್ದ ಬೆರಳುಗಳಿಂದ ದೇವೀರಿಯ ಹಣೆ, ಕೆನ್ನೆ, ತುಟಿಗಳನ್ನು ಸವರಿ ನೋಡಿದ. ಆ ಮುಖದ ಹುಡುಗ ಕೂಸಾಗಿದ್ದಾಗ ಅವಳು ಎತ್ತಿ ಆಡಿಸಿದ್ದಳು. ಅವನ ಕಣ್ಣಲ್ಲಿ ಅವಳ ಮುಖ ನೂರಾರು ಚೂರಾಗಿ ಕಂಡಿತು. ಹಸಿಮಣ್ಣಿನ ವಾಸನೆ ಬಿಟ್ಟರೆ ಅವನಿಗೆ ಇನ್ನೇನೂ ತಿಳಿಯಲಿಲ್ಲ. ದಾರಿ ಬಿಟ್ಟ.

ಈ ಸಲದ ಹತ್ತೊಂಬತ್ತು ಕೋಣೆಗಳ ಬಾಯಿ ಆಗಲೇ ಮುಚ್ಚಿತ್ತು. ಇಪ್ಪತ್ತನೆಯದರ ಬಾಯಲ್ಲಿ ಕೆಂಪಾಜಿ ಅಂಗಾತ ಬಿದ್ದಿದ್ದಳು. ಕುತ್ತಿಗೆಯ ಮೇಲೆ ಚುಚ್ಚಿದ ಗಾಯ. ಕಣ್ಣು ತೆರೆದಿತ್ತು, ಉಸಿರಿತ್ತು, ಕೈಕಾಲಿನಲ್ಲಿ ಕಸುವಿರಲಿಲ್ಲ. ಒಳಗಿನಿಂದ ಮಣ್ಣಮ್ಮನ ಗುಂಯ್‌ಗುಟ್ಟುವಿಕೆ ಕೇಳುತ್ತಿತ್ತು.

ದೇವೀರಿಗೆ ಮಣ್ಣಿನ ಗುಂಡಿಯ ದಂಡೆ ನೆನಪಾಯಿತು. ಅಲ್ಲಿ ಬಿಲ ತೋಡುವ ಇನ್ನೊಂದು ಜಾತಿಯ ಕಡಜ ಮಿಡತೆಯನ್ನು ಎಳೆದು ತಂದು ಬಿಲದ ಬಾಯಲ್ಲಿಟ್ಟು, ಒಳಗೆಲ್ಲ ಸರಿಯಿದೆಯೇ ಎಂದು ಒಮ್ಮೆ ನೋಡಿಬರುತ್ತಿತ್ತು. ಅಷ್ಟರಲ್ಲಿ ಮಿಡತೆಯನ್ನು ಗೇಣುದ್ದ ಆಚೆ ಸರಿಸಿದರೆ, ಕಡಜ ಮತ್ತೆ ಅದನ್ನು ಬಾಯಿಗೆ ಎಳೆದು, ಮತ್ತೆ ಒಳಗೆ ಹೋಗಿ ಮೊದಲಿಂದ ನೋಡುತ್ತಿತ್ತು. ಚಿಕ್ಕಂದಿನಲ್ಲಿ ಅಕ್ಕತಂಗಿಯರು ಹೊತ್ತು ಹೋಗದಾಗ ಆಡುತ್ತಿದ್ದ ಆಟವದು. ಎಷ್ಟು ಸಲ ಸರಿಸಿದರೂ ಅದು ಬೇಸರಪಡುತ್ತಿರಲಿಲ್ಲ. ಮಣ್ಣಮ್ಮನೂ ಅದೇ ಕುಲದವಳಲ್ಲವೇ?

ತಂಗಿಯ ಕಾಲು ಹಿಡಿದು ಎರಡು ಮಾರು ಹಿಂದಕ್ಕೆ ಎಳೆದಳು. ಮಂಕರಿಯ ಮಣ್ಣು ತೆಗೆದು ಕೋಣೆಯ ಬಾಯಿಯ ಒಳ ಅಂಚಿಗೆ ಬಳೆಯಂತೆ ಒಂದು ಸುತ್ತು ಮೆತ್ತಿದಳು.

ಮಣ್ಣಮ್ಮ ಹೊರಬಂದಳು. ಬಾಯಿ ಸ್ವಲ್ಪ ಕಿರಿದಾಗಿದ್ದರೂ ಅವಳ ಸಣ್ಣ ನಡುವಿಗೆ ಅಡ್ಡಿಯಾಗಲಿಲ್ಲ. ನೆಟ್ಟಗೆ ದೇವೀರಿಯನ್ನೇ ನೋಡಿದಳು.

"ನೀನಿರುವುದು ಕಾಣುತ್ತಿದೆ," ಎಂದಳು. "ನಿನ್ನನ್ನು ಆಮೇಲೆ ಚುಚ್ಚುತ್ತೇನೆ. ಮೊದಲು ಕೋಣೆ ನೋಡಿ ಬರಬೇಕು."

ಕೆಂಪಾಜಿಯನ್ನು ಬಾಯಿಯವರೆಗೆ ಎಳೆದಿಟ್ಟು ಒಳಗೆ ಹೋದಳು. ದೇವೀರಿಯ ಕೈ ಕಲಿತ ಕೆಲಸ ಮರೆಯಲಿಲ್ಲ. ತಂಗಿಯನ್ನು ಮತ್ತೆ ಎಳೆದಳು. ಎರಡನೆಯ ಬಳೆ ಮೆತ್ತಿದಳು.

ಮಣ್ಣಮ್ಮ ಈ ಸಲ ಅಡ್ಡ ತಿರುಗಿ, ಹೆಗಲು ಮಡಚಿ ಹೊರಬಂದಳು. ಅವಳ ಕೆನ್ನೆಗೆ ಹಸಿಮಣ್ಣು ಅಂಟಿತ್ತು. "ಯಾರು ಮಾಡುತ್ತಿದ್ದಾರೆಂದು ಗೊತ್ತು," ಎಂದಳು. ದನಿಯಲ್ಲಿ ಮೊದಲ ಸಲ ಸಂಕಟವಿತ್ತು. "ಏಕೆ ಮಾಡುತ್ತಿದ್ದೀಯೆಂದೂ ಗೊತ್ತು. ಆದರೆ ಕೋಣೆ ನೋಡದೆ ಬೇರೆ ಕೆಲಸ ನನ್ನಿಂದಾಗುವುದಿಲ್ಲ."

"ನೋಡ್ಕಂಡು ಬಾ ತಾಯಿ," ಎಂದಳು ದೇವೀರಿ.

ಮಣ್ಣಮ್ಮ ಕೆಂಪಾಜಿಯನ್ನು ಬಾಯಿಗೆ ಎಳೆದಿಟ್ಟಳು, ಆ ಕಿರಿದಾದ ಕಿಂಡಿಯಲ್ಲಿ ಮೈ ಹಿಂಡಿಕೊಂಡು ಒಳಗಿಳಿದಳು. ದೇವೀರಿ ಮೂರನೆಯ ಸಲ ತಂಗಿಯನ್ನು ಎಳೆದಳು. ಉಳಿದ ಮಣ್ಣನ್ನೆಲ್ಲ ಎರಡೂ ಕೈಯಲ್ಲಿ ಬಾಚಿ ಬಾಯಿ ತುಂಬಿದಳು, ಮೇಲೊಂದು ಪದರ, ಅದರ ಮೇಲೆ ಇನ್ನೊಂದು. ಮಧ್ಯಾಹ್ನದ ಬಿಸಿಲು ಉಳಿದ ಕೆಲಸ ಮಾಡಿತು.

ಕಾವಲಿನವರು ಬಂದು ಮೇಲೆ ಬೀಳುತ್ತಾರೆಂದು ಅವಳು ತಂಗಿಯನ್ನು ಅವುಚಿಕೊಂಡು ಕೂತಳು. ಯಾರೂ ಬರಲಿಲ್ಲ. ಕಡಜದ ಮಕ್ಕಳು ತಾಯಿಯ ಮುಖ ಕಂಡು ಹುಟ್ಟಿದವಲ್ಲ, ಅವಕ್ಕೆ ತಾಯಿಯ ಹಂಗಿಲ್ಲ. ಒಳಗೆ ಮಣ್ಣಮ್ಮನ ಮಾಟ ಮುಚ್ಚಿಹೋದಂತೆ ಹೊರಗೆ ಅವರ ಮುಖಗಳು ಒಂದೊಂದಾಗಿ ಅಳಿಸಿ, ಮೈ ಕುಗ್ಗಿ, ಬೆರಳುದ್ದದ ಕಡಜಗಳಾಗಿ ತುಂಬೆ ಹೂವಿನ ಕಡೆಗೆ ಹಾರಿಹೋದವು.

ದೇವೀರಿ ಉಳಿದ ಹತ್ತೊಂಬತ್ತು ಕೋಣೆಗಳನ್ನು ಒಡೆದಳು. ಒಂದೊಂದರ ಸೂರಿನಲ್ಲೂ ಕುಂಬಳಕಾಯಿ ಗಾತ್ರದ ಮೊಟ್ಟೆ ನೂಲಿನಲ್ಲಿ ತೂಗುತ್ತಿತ್ತು, ಅದರ ಕೆಳಗೆ ಕಣ್ಣು ತೆರೆದುಕೊಂಡು ಒಬ್ಬೊಬ್ಬರು ಮಲಗಿದ್ದರು. ಒಂದೇ ಒಂದು ಮೊಟ್ಟೆ ಕೂಡ ಇನ್ನೂ ಒಡೆದಿರಲಿಲ್ಲ. ಹೊತ್ತು ಮುಳುಗುವಾಗ ಗಡಿ ದಾಟಿಸಲು ಅವಳನ್ನು ಹುಡುಕಿಕೊಂಡು ಬಂದ ಅರಸ ಅದನ್ನು ಕಂಡು ಅಲ್ಲೇ ಕುಸಿದು ಕೂತ. ಮೊದಲ ಇಪ್ಪತ್ತು ಕೋಣೆಗಳಲ್ಲಿ ಬಟ್ಟೆ, ಬಳೆ, ಕಡಗ ಬಿಟ್ಟು ಬೇರೇನೂ ಸಿಗಲಿಲ್ಲ. ಮಾಳವ್ವ ಮಗನ ಉಡಿದಾರವನ್ನು ಮಡಿಲಲ್ಲಿ ಕಟ್ಟಿಕೊಂಡಳು. ಈಗ ಅವಳು ಬೀದಿಯಲ್ಲೇ ಅತ್ತಳು, ಊರೆಲ್ಲ ಅವಳ ಜೊತೆ ಕೂತಿತು.

ಮೂರನೆಯ ದಿನ ಇಪ್ಪತ್ತು ಮಂದಿಗೂ ಕೈಕಾಲು ಆಡತೊಡಗಿತು, ಕೆಂಪಾಜಿಯ ನಾಲಿಗೆಯೂ ತಿರುಗಿತು.

"ಎಲ್ಲಾ ಕೇಳ್ತಿತ್ತು ಅಕ್ಕ," ಎಂದಳು. "ಎಳೆಯೋ ಕೈ ಯಾವ್ದು ಅಂತ ಮಾತ್ರ ಕಾಣ್ತಿರ್ಲಿಲ್ಲ. ಒರಟು ಕೈ ಬಂದಾಗೆಲ್ಲ ನೀನು ಅಂದ್ಕೊತಿದ್ದೆ."

ದೇವೀರಿ ತನ್ನ ಬಿರುಕು ಬಿಟ್ಟ ಅಂಗೈಯನ್ನು ತಂಗಿಯ ಕೆನ್ನೆಗೆ ಒತ್ತಿ, ಮೊದಲೇ ಹೇಳಬೇಕಿತ್ತು ಕಣೆ ಎಂದು ಅತ್ತಳು. ಕೆಂಪಾಜಿ ಮತ್ತೆ ಮಂಕರಿ ಹೊತ್ತಳು. ಗೊಣಗುವುದನ್ನೇನೂ ಬಿಡಲಿಲ್ಲ.

ಅರಸ ಕಟ್ಟಳೆಯನ್ನು ತೆಗೆದುಹಾಕಿದ. ತನಗೆ ಕೇಳಲು ಇಷ್ಟವಿಲ್ಲದ್ದನ್ನೂ ಪೂರ್ತಿ ಕೇಳುವುದನ್ನು ಕಲಿತ. ನೆರೆರಾಜ್ಯದ ದಂಡು ಕೊನೆಗೂ ಬರಲಿಲ್ಲ. ಆಮೇಲೆ ತುಂಬೆಸೀಮೆಯ ಜನ ಉಂಡುಟ್ಟು ಸುಖವಾಗಿ ಬಾಳಿದರು.

ಆ ಬಯಲಿನಲ್ಲಿ ಒಂದು ಗುಂಡನೆಯ ಕೋಣೆ ಮಾತ್ರ ಹಾಗೇ ನಿಂತಿದೆ. ಮಳೆಗಾಲ ಮುಗಿದ ಮೇಲೆ ಅಕ್ಕತಂಗಿಯರ ಮನೆತನದವರು ಹೋಗಿ ಅದಕ್ಕೆ ಹೊಸ ಪದರ ಮೆತ್ತಿ ಬರುತ್ತಾರೆ. ಮೆತ್ತುವಾಗ ಗೋಡೆಗೆ ಕಿವಿಯಿಟ್ಟರೆ ಒಳಗೆ ಯಾರೋ ಮೂಲೆಯಿಂದ ಮೂಲೆಗೆ ನಡೆಯುವುದು ಕೇಳುತ್ತದೆ. ಎಲ್ಲ ಸರಿಯಿದೆಯೇ ಎಂದು ನೋಡಿ, ಬಾಗಿಲವರೆಗೆ ಬಂದು, ಬಾಗಿಲು ಕಾಣದೆ ಒಂದು ಗಳಿಗೆ ನಿಂತು, ಮತ್ತೆ ಮೊದಲಿಂದ ಕೋಣೆ ನೋಡಲು ಹೋಗುತ್ತಾರೆ.