ಸುತ್ತಿಗೆಯ ಬಲಗೈ

"ನಿನ್ನ ಬಲಗೈ ಇರೋದು ಊಟಕ್ಕೆ ಮಾತ್ರನಾ?"

ಕೋಚ್ ಮೇಡಂ ಹೀಗೆ ಕೇಳಿದಾಗ ಹಾಲ್‌ನಲ್ಲಿದ್ದ ಮಕ್ಕಳೆಲ್ಲ ಕಿಸಕ್ಕನೆ ನಕ್ಕರು. ಚೂಟಿ ತಲೆ ತಗ್ಗಿಸಿದಳು. ನಾಳೆಯೇ ನ್ಯಾಷನಲ್ಸ್‌ಗೆ ಸೆಲೆಕ್ಷನ್. ಎಡಗೈ ಒಂದನ್ನೇ ನೆಚ್ಚಿಕೊಂಡರೆ ಆಸೆ ಬಿಡು ಎಂದು ಮೇಡಂ ಖಡಾಖಂಡಿತವಾಗಿ ಹೇಳಿಬಿಟ್ಟರು.

ಮನೆಗೆ ಬಂದವಳೇ ಅಜ್ಜನ ಮೇಲೆ ಹರಿಹಾಯ್ದಳು. ಅವಳಿಗೆ ಬಾಕ್ಸಿಂಗ್ ಹುಚ್ಚು ಹಿಡಿಸಿದ್ದೇ ಅಜ್ಜ. "ಬರೀ ಎಡಗೈ ಯಾಕೆ ಕಲಿಸಿದೆ ನೀನು?"

ಪಾತ್ರೆ ಒರೆಸುತ್ತಿದ್ದ ಅಜ್ಜನ ಕೈ ನಿಂತಿತು. "ನಂಗೆ ಬರೋದೇ ಅದೊಂದು ಕಣೆ."

ಆಮೇಲೆ ಮೆಲ್ಲಗೆ ಹೇಳತೊಡಗಿದ. ಆಗ ಬಾಕ್ಸಿಂಗ್‌ಗೆ ಹಾಲ್ ಇರಲಿಲ್ಲ, ಕೋಚ್ ಇರಲಿಲ್ಲ. ಶಿಫ್ಟ್ ಮುಗಿದ ಮೇಲೆ ಬಟ್ಟೆ ಮಿಲ್ಲಿನ ಗೋದಾಮೇ ರಿಂಗ್. ರೌಡಿಗಳ ಆಟ ಎಂದು ಮಾಲೀಕರು ಬೀಗ ಜಡಿದರು, ಪೊಲೀಸರು ಲಾಠಿ ಬೀಸಿದರು. ಈಗ ಪೊಲೀಸರದ್ದೇ ಒಂದು ಟೀಮ್ ಇದೆ, ದಾನಿಗಳೆಂದು ಮಾಲೀಕರ ಹೆಸರು ಚೂಟಿಯ ಹಾಲ್‌ನ ಗೋಡೆ ಮೇಲಿದೆ. ಗೋದಾಮಿನಲ್ಲಿ ಎಲ್ಲರಿಗೂ ಸೇರಿ ಇದ್ದದ್ದು ಒಂದೇ ಜೊತೆ ಗ್ಲೌಸ್. ಆಡುವ ಇಬ್ಬರಿಗೆ ಒಂದೊಂದು, ಬರಿಗೈ ಬೆನ್ನ ಹಿಂದೆ. ಅಜ್ಜನಿಗೆ ಯಾವಾಗಲೂ ಎಡದ್ದು. ಪಕ್ಕದ ಮಗ್ಗದ ಗೆಳೆಯನಿಗೆ ಬಲದ್ದು. ಅವನ ಏಟಿಗೆ ಹೆದರಿ ಎಲ್ಲರೂ ಅವನನ್ನು ಸುತ್ತಿಗೆ ಎನ್ನುತ್ತಿದ್ದರು.

"ಈಗೆಲ್ಲಿದಾನೆ?"

"ಹತ್ತಿ ಧೂಳು ಎದೆಗಿಳಿದು ಹೋಗಿಬಿಟ್ಟ. ಮಿಲ್ಲಿನವರು ಬರೀ ಕೆಮ್ಮು ಅಂದ್ರು."

ಚೂಟಿಯ ಸಿಟ್ಟು ಇಳಿಯಿತು. ಕೇಳಿದಳು, "ಅವನು ಹೇಗೆ ಹೊಡೀತಿದ್ದ?"

ಅಜ್ಜ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. ಬಲ ಹಿಮ್ಮಡಿ ಎತ್ತಿ, ಸೊಂಟ ತಿರುಗಿಸಿ, ಬಲಗೈಯನ್ನು ನೇರ ಬಿಟ್ಟ. ಗಾಳಿ ಸುಯ್ಯೆಂದಿತು.

"ಬರಲ್ಲ ಅಂದ್ಯಲ್ಲ?"

"ಹೊಡೆಯೋಕೆ ಬರಲ್ಲ. ತಿಂದಿದ್ದು ಮರೆಯುತ್ತಾ? ಮೊದಲು ಹಿಮ್ಮಡಿ, ಆಮೇಲೆ ಸೊಂಟ, ಕೈ ಕೊನೆಗೆ. ಹಿಮ್ಮಡಿ ಎದ್ದ ಕೂಡಲೇ ನಾನು ತಲೆ ವಾಲಿಸ್ತಿದ್ದೆ. ಆದ್ರೂ ಬೀಳ್ತಿತ್ತು." ಅಜ್ಜ ಎಡಗೆನ್ನೆ ಸವರಿಕೊಂಡು ನಕ್ಕ.

ಅಂದು ಅಡುಗೆಮನೆಯಲ್ಲಿ ಪಾತ್ರೆಗಳು ಅರ್ಧ ಒರೆಸಿದಂತೆಯೇ ಉಳಿದವು.

ಮರುದಿನ ಎದುರಾಳಿ ಹುಡುಗಿ ಚೂಟಿಯ ಎಡಗೈಯನ್ನೇ ಕಾಯುತ್ತಿದ್ದಳು. ಕೊನೆಯ ರೌಂಡ್‌ನಲ್ಲಿ ಚೂಟಿ ಬಲ ಹಿಮ್ಮಡಿ ಎತ್ತಿದಳು. ಏಟು ಪಟ್ಟೆಂದು ಬಿತ್ತು.

ಹುಡುಗಿಯ ಭುಜದಾಚೆ, ಮುಂದಿನ ಸಾಲಿನಲ್ಲಿ, ಎಲ್ಲರೂ ಕೂಗುತ್ತ ಮುಂದಕ್ಕೆ ಬಾಗಿದ್ದರು. ಅಜ್ಜ ಒಬ್ಬ ಮಾತ್ರ ತಲೆಯನ್ನು ಪಕ್ಕಕ್ಕೆ ವಾಲಿಸಿದ್ದ, ಎಡಗೆನ್ನೆಯ ಮೇಲೆ ಕೈ.

ಗಂಟೆ ಮೊಳಗಿತು. ರೆಫರಿ ಚೂಟಿಯ ಬಲಗೈ ಎತ್ತಿ ಹಿಡಿದರು. ಅವರು ಬಿಟ್ಟ ಮೇಲೂ ಅವಳು ಅದನ್ನು ಇಳಿಸಲಿಲ್ಲ. ಅಜ್ಜ ಇನ್ನೂ ನೋಡುತ್ತಿದ್ದ.